64 ಕೆಬಿ ಗೋಡೆಯ ಆಚೆಗೆ

1980ರ ದಶಕದಲ್ಲಿ ಫ್ಲಾಪಿ ಡ್ರೈವಿನ ಪಿಸಿಯಲ್ಲಿ ಕೆಲಸ ಮಾಡಿದವರಿಗೆ ಒಂದು ಸೂಚನೆ ಇವತ್ತಿಗೂ ನೆನಪಿರುತ್ತದೆ. ವರ್ಡ್‌ಸ್ಟಾರ್‌ನಲ್ಲಿ ಪತ್ರ ಟೈಪ್ ಮಾಡಿ ಮುಗಿಸಿ ಹೊರಗೆ ಬಂದರೆ, ಕಂಪ್ಯೂಟರು ‘ಕಮಾಂಡ್.ಕಾಮ್ ಇರುವ ಡಿಸ್ಕನ್ನು ಎ ಡ್ರೈವಿಗೆ ಹಾಕಿ, ಯಾವುದಾದರೂ ಕೀ ಒತ್ತಿ’ ಎಂದು ಕೇಳಿ ಸುಮ್ಮನೆ ನಿಂತುಬಿಡುತ್ತಿತ್ತು. ಬೆಳಿಗ್ಗೆ ಯಂತ್ರ ಚಾಲೂ ಮಾಡುವಾಗ ಹಾಕಿ ತೆಗೆದಿಟ್ಟಿದ್ದ ಡಾಸ್ ಆಪರೇಟಿಂಗ್ ಸಿಸ್ಟಮ್ ಇದ್ದ ಫ್ಲಾಪಿಯನ್ನು ಮತ್ತೆ ಹುಡುಕಬೇಕು. ಅದನ್ನು ಹಾಕಿದ ಮೇಲೆಯೇ ಪರದೆಯ ಮೇಲೆ ಎ ಅಕ್ಷರ ಮತ್ತು ಮುಂದಿನ ಗುರುತು ಕಾಣಿಸಿಕೊಳ್ಳುತ್ತಿತ್ತು.

ಬಹಳ ಮಂದಿ ಇದನ್ನು ಯಂತ್ರದ ಕಿರಿಕಿರಿ ಎಂದುಕೊಂಡಿದ್ದರು. ವಾಸ್ತವದಲ್ಲಿ ಅದು ಅಂದಿನ ಪ್ರೋಗ್ರಾಮರುಗಳ ಮಿತವ್ಯಯದ ಪರಮಾವಧಿ. ಕಮಾಂಡ್.ಕಾಮ್ ಎಂಬ ಪ್ರೋಗ್ರಾಮು ಮೆಮೊರಿಗೆ ಬಂದೊಡನೆ ತನ್ನನ್ನು ತಾನೇ ಎರಡಾಗಿ ಸೀಳಿಕೊಳ್ಳುತ್ತಿತ್ತು. ಚಿಕ್ಕ ಭಾಗವೊಂದು ಮೆಮೊರಿಯ ಕೆಳಗಡೆ ಕದಲದೆ ಕೂರುತ್ತಿತ್ತು. ಡೈರೆಕ್ಟರಿ ತೋರಿಸುವ, ಫೈಲ್ ನಕಲು ಮಾಡುವ, ನಾವು ಬರೆದ ಆಜ್ಞೆಗಳನ್ನು ಅರ್ಥಮಾಡಿಕೊಳ್ಳುವ ದೊಡ್ಡ ಭಾಗ ಮೆಮೊರಿಯ ತುತ್ತತುದಿಗೆ ಹೋಗಿ ಕೂರುತ್ತಿತ್ತು. ಯಾವುದೇ ಪ್ರೋಗ್ರಾಮಿಗೆ ಜಾಗ ಸಾಲದಿದ್ದರೆ ಆ ಮೇಲಿನ ಭಾಗದ ಮೇಲೆ ಧಾರಾಳವಾಗಿ ಬರೆದುಕೊಳ್ಳಬಹುದಿತ್ತು. ಪ್ರೋಗ್ರಾಮು ಮುಗಿದ ಮೇಲೆ ಕೆಳಗಿನ ಭಾಗ ಎಚ್ಚೆತ್ತು, ಮೇಲಿನ ಭಾಗದ ಬೈಟುಗಳನ್ನೆಲ್ಲ ಕೂಡಿ ಮೊತ್ತ ತಾಳೆ ನೋಡುತ್ತಿತ್ತು. ತಾಳೆಯಾದರೆ ಸರಿ, ಇಲ್ಲವಾದರೆ ಡಿಸ್ಕಿನಿಂದ ಮತ್ತೆ ಓದಿಕೊಳ್ಳಬೇಕು. ಆ ಸೂಚನೆ ಬರುತ್ತಿದ್ದದ್ದು ಆಗ. ಆಪರೇಟಿಂಗ್ ಸಿಸ್ಟಮ್ ತನ್ನ ಅರ್ಧ ಮೈಯನ್ನೇ ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿದ್ದ ಕಾಲ ಅದು.

ಐಬಿಎಂ ಪಿಸಿ ಹೊರಬಂದದ್ದು 1981ರ ಆಗಸ್ಟ್ 12ರಂದು. 1,565 ಡಾಲರಿನ ಅತ್ಯಂತ ಅಗ್ಗದ ಮಾದರಿಯಲ್ಲಿ ಇದ್ದ ಮೆಮೊರಿ 16 ಕೆಬಿ. ಈ ಅಂಕಣದ ಪಠ್ಯವನ್ನು ಯೂನಿಕೋಡಿನಲ್ಲಿ ಉಳಿಸಿದರೆ ಅದು ಆ ಮೆಮೊರಿಯಲ್ಲಿ ಹಿಡಿಸುವುದಿಲ್ಲ. ಮೆಮೊರಿ ಕಡಿಮೆ ಇತ್ತು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದ್ದು ಬೇರೆ ಇದೆ. ಮುಂದೆ ಮೆಮೊರಿ ಅಗ್ಗವಾಗಿ ಎಲ್ಲರ ಯಂತ್ರಕ್ಕೂ ಬಂದ ಮೇಲೂ, ಅದನ್ನು ಮುಟ್ಟಲು ಪ್ರೋಗ್ರಾಮರುಗಳು ಹತ್ತು ಹದಿನೈದು ವರ್ಷ ಹೆಣಗಬೇಕಾಯಿತು. ಅವರ ಮುಂದಿದ್ದ ಗೋಡೆಯ ಎತ್ತರ 65,536 ಬೈಟ್. ಅದನ್ನು ಕಟ್ಟಿದ್ದು ದಡ್ಡತನದಿಂದಲ್ಲ, ನಿನ್ನೆಯ ಪ್ರೋಗ್ರಾಮುಗಳನ್ನು ಉಳಿಸಿಕೊಳ್ಳಬೇಕೆಂಬ ಆಸೆಯಿಂದ.

ಇಂಟೆಲ್ ಕಂಪನಿಯ 8080 ಎಂಬ ಚಿಪ್ಪು 1974ರಲ್ಲಿ ಬಂತು. ಅದು ಮೆಮೊರಿಯ ವಿಳಾಸವನ್ನು 16 ಬಿಟ್‌ಗಳಲ್ಲಿ ಬರೆಯುತ್ತಿತ್ತು. 16 ಬಿಟ್‌ಗಳಲ್ಲಿ ಮೂಡಬಹುದಾದ ಬೇರೆಬೇರೆ ಸಂಖ್ಯೆಗಳು 65,536 ಮಾತ್ರ, ಅಂದರೆ 64 ಕೆಬಿ. ಅದರ ಮೇಲೆ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್, ವರ್ಡ್‌ಸ್ಟಾರ್‌ನಂಥ ಜನಪ್ರಿಯ ಪ್ರೋಗ್ರಾಮುಗಳು ಬೆಳೆದವು. ಇಂಟೆಲ್ ತನ್ನ ಭವಿಷ್ಯವೆಲ್ಲ 432 ಎಂಬ ಮಹತ್ವಾಕಾಂಕ್ಷೆಯ ಚಿಪ್ಪಿನಲ್ಲಿದೆ ಎಂದು ನಂಬಿತ್ತು. ಅದು ತಡವಾಗುತ್ತ ಹೋದಾಗ, ನಡುವಿನ ಕಾಲಕ್ಕೆ ಒಂದು ಚಿಪ್ಪು ಬೇಕೆಂದು ಸ್ಟೀಫನ್ ಮೋರ್ಸ್ ಎಂಬ ಎಂಜಿನಿಯರಿಗೆ ಹೊಸ ಪ್ರೊಸೆಸರಿನ ವಿನ್ಯಾಸದ ಹೊಣೆ ಕೊಟ್ಟಿತು. ಹೀಗೆ 1978ರಲ್ಲಿ ಬಂದದ್ದು 8086. ಸುಮಾರು 29,000 ಟ್ರಾನ್ಸಿಸ್ಟರುಗಳ, 40 ಕಾಲುಗಳ ಈ ಚಿಪ್ಪು ತಾತ್ಕಾಲಿಕವೆಂದು ಹುಟ್ಟಿತು. ಇವತ್ತು ನಮ್ಮ ಮೇಜಿನ ಮೇಲಿರುವ ಬಹುಪಾಲು ಲ್ಯಾಪ್‌ಟಾಪುಗಳು ಅದರದೇ ವಂಶಸ್ಥರು.

ಮೋರ್ಸ್ ಅವರ ಮುಂದೆ ಎರಡು ಬೇಡಿಕೆಗಳಿದ್ದವು. ಮೆಮೊರಿ 64 ಕೆಬಿಗಿಂತ ಹೆಚ್ಚು ಇರಬೇಕು. ಜೊತೆಗೆ 8080ಕ್ಕೆ ಬರೆದ ಪ್ರೋಗ್ರಾಮುಗಳನ್ನು ಹೆಚ್ಚು ಶ್ರಮವಿಲ್ಲದೆ ಹೊಸ ಚಿಪ್ಪಿಗೆ ಒಗ್ಗಿಸಲು ಸಾಧ್ಯವಾಗಬೇಕು. ಹಳೆಯ ಪ್ರೋಗ್ರಾಮು 16 ಬಿಟ್‌ನ ವಿಳಾಸವನ್ನೇ ಬಲ್ಲದು. ಹಾಗಾಗಿ ಹೊಸ ಚಿಪ್ಪು ಮೆಮೊರಿಯನ್ನು 64 ಕೆಬಿ ತುಂಡುಗಳಾಗಿ ನೋಡತೊಡಗಿತು. ಆ ತುಂಡಿಗೆ ಸೆಗ್ಮೆಂಟ್ ಎಂದು ಹೆಸರು. ತುಂಡಿನ ಒಳಗೆ ಎಷ್ಟನೆಯ ಬೈಟ್ ಎಂಬುದಕ್ಕೆ ಆಫ್‌ಸೆಟ್. ಹಳೆಯ ಪ್ರೋಗ್ರಾಮಿಗೆ ಆಫ್‌ಸೆಟ್ ಮಾತ್ರ ಕಾಣುತ್ತದೆ. ತಾನು ಇನ್ನೂ ಹಳೆಯ 64 ಕೆಬಿ ಲೋಕದಲ್ಲೇ ಇದ್ದೇನೆ ಎಂದುಕೊಂಡು ಅದು ನೆಮ್ಮದಿಯಿಂದ ಓಡುತ್ತದೆ.

ಲೆಕ್ಕ ಸರಳವಾಗಿದೆ. ಸೆಗ್ಮೆಂಟ್ ಸಂಖ್ಯೆಯನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಬೇಕು. ಸೆಗ್ಮೆಂಟ್ 4,096, ಆಫ್‌ಸೆಟ್ 512 ಎಂದಿಟ್ಟುಕೊಳ್ಳೋಣ. 4,096ನ್ನು 16ರಿಂದ ಗುಣಿಸಿದರೆ 65,536; ಅದಕ್ಕೆ 512 ಕೂಡಿಸಿದರೆ 66,048. ಇದು ನಿಜವಾದ ವಿಳಾಸ. ಈಗ ಸೆಗ್ಮೆಂಟ್ 4,128, ಆಫ್‌ಸೆಟ್ ಸೊನ್ನೆ ಎಂದು ತೆಗೆದುಕೊಂಡು ನೋಡಿ. ಉತ್ತರ ಮತ್ತೆ 66,048! ಸೆಗ್ಮೆಂಟುಗಳು ಹದಿನಾರು ಬೈಟಿಗೊಂದರಂತೆ ಶುರುವಾಗುವುದರಿಂದ ಅವು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಮೆಮೊರಿಯ ಹೆಚ್ಚಿನ ಭಾಗದಲ್ಲಿ ಒಂದೊಂದು ಬೈಟಿಗೂ 4,096 ಬೇರೆಬೇರೆ ವಿಳಾಸಗಳನ್ನು ಬರೆಯಬಹುದು. ಇದರಿಂದ ಮುಂದೆ ಎಷ್ಟು ಪಜೀತಿಯಾಯಿತೆಂದು ಆಮೇಲೆ ಹೇಳುತ್ತೇನೆ.

ಹದಿನಾರರ ಬದಲು 256ರಿಂದ ಗುಣಿಸಿದ್ದರೆ? 1 ಎಂಬಿ ಬದಲು 16 ಎಂಬಿ ಮೆಮೊರಿ ಎಟಕುತ್ತಿತ್ತು. ಇತಿಹಾಸವನ್ನು ಹಿಂತಿರುಗಿ ನೋಡುವವರು ಮೋರ್ಸ್ ಅವರನ್ನು ಇಲ್ಲಿ ಸುಲಭವಾಗಿ ದೂರುತ್ತಾರೆ. ನನಗೆ ಆ ದೂರು ಒಪ್ಪಿಗೆಯಿಲ್ಲ. 256ರ ಲೆಕ್ಕದಲ್ಲಿ ಪ್ರತಿ ಸೆಗ್ಮೆಂಟೂ 256 ಬೈಟಿನ ಗಡಿಯಲ್ಲೇ ಶುರುವಾಗಬೇಕು. ತುಂಡು ತುಂಡಿನ ನಡುವೆ ನೂರಾರು ಬೈಟ್ ವ್ಯರ್ಥವಾಗಬಹುದಿತ್ತು. 16 ಕೆಬಿಯನ್ನೂ ದುಬಾರಿ ಬೆಲೆಗೆ ಮಾರುತ್ತಿದ್ದ ದಿನಗಳಲ್ಲಿ ಅದು ಸಣ್ಣ ನಷ್ಟವಲ್ಲ. ಜೊತೆಗೆ 40 ಕಾಲುಗಳ ಚಿಪ್ಪಿನಲ್ಲಿ ವಿಳಾಸಕ್ಕೆಂದು ಇನ್ನೂ ನಾಲ್ಕು ಕಾಲು ಎಲ್ಲಿಂದ ತರುವುದು? 8086 ಆಗಲೇ ವಿಳಾಸವನ್ನೂ ದತ್ತಾಂಶವನ್ನೂ ಅವೇ ಕಾಲುಗಳಲ್ಲಿ ಸರದಿಯಂತೆ ಕಳಿಸುತ್ತಿತ್ತು.

ಈ ಚಿಪ್ಪಿನಲ್ಲಿ ಸೆಗ್ಮೆಂಟ್ ಸಂಖ್ಯೆಯನ್ನು ಹಿಡಿದಿಡುವ ನಾಲ್ಕು ಸೆಗ್ಮೆಂಟ್ ರಿಜಿಸ್ಟರುಗಳಿವೆ. ಒಂದು ಕೋಡಿಗೆ, ಒಂದು ದತ್ತಾಂಶಕ್ಕೆ, ಒಂದು ಸ್ಟ್ಯಾಕಿಗೆ, ಇನ್ನೊಂದು ಹೆಚ್ಚುವರಿ. ಡಾಸ್‌ನ ‘ಕಾಮ್’ ಫೈಲುಗಳಲ್ಲಿ ನಾಲ್ಕೂ ಒಂದೇ ತುಂಡನ್ನು ತೋರಿಸುತ್ತಿದ್ದವು. ಮೊದಲ 256 ಬೈಟ್ ಡಾಸ್‌ನ ಸ್ವಂತ ಟಿಪ್ಪಣಿಗಳಿಗೆ, ಅಲ್ಲಿಂದ ಮುಂದೆ ಕೋಡು, ದತ್ತಾಂಶ, ಸ್ಟ್ಯಾಕ್ ಎಲ್ಲವೂ ಅದೇ 64 ಕೆಬಿಯಲ್ಲಿ. ‘ಎಕ್ಸೆ’ ಫೈಲುಗಳಲ್ಲಿ ತುಂಡುಗಳು ಎಷ್ಟಾದರೂ ಇರಬಹುದು. ಆದರೆ ಪ್ರೋಗ್ರಾಮು ಮೆಮೊರಿಯಲ್ಲಿ ಎಲ್ಲಿ ಕೂರುತ್ತದೆಂದು ಮುಂಚೆ ಗೊತ್ತಾಗದು. ಹಾಗಾಗಿ ಫೈಲಿನ ಮೊದಲಲ್ಲಿ ಒಂದು ಪಟ್ಟಿ ಇರುತ್ತದೆ. ಸೆಗ್ಮೆಂಟ್ ಸಂಖ್ಯೆ ಬರೆದಿರುವ ಜಾಗಗಳೆಲ್ಲ ಅದರಲ್ಲಿ ದಾಖಲಾಗಿರುತ್ತವೆ. ಡಾಸ್ ಪ್ರೋಗ್ರಾಮನ್ನು ಒಳಗೆ ತಂದ ಮೇಲೆ ಆ ಪಟ್ಟಿ ಹಿಡಿದು ಒಂದೊಂದನ್ನೂ ತಿದ್ದುತ್ತದೆ. ಆ ಫೈಲುಗಳ ಮೊದಲ ಎರಡು ಅಕ್ಷರಗಳು ‘ಎಂ’ ಮತ್ತು ‘ಝಡ್’. ಅದು ಈ ಮಾದರಿಯನ್ನು ರೂಪಿಸಿದ ಮಾರ್ಕ್ ಝ್ಬಿಕೋವ್ಸ್ಕಿ ಅವರ ಹೆಸರಿನ ಸಂಕೇತ. ಇವತ್ತಿನ ವಿಂಡೋಸ್ ಪ್ರೋಗ್ರಾಮಿನ ಫೈಲೂ ಅದೇ ಎರಡು ಅಕ್ಷರಗಳಿಂದಲೇ ಶುರುವಾಗುತ್ತದೆ.

ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಟರ್ಬೊ ಸಿ ಕಲಿತ ಸಾವಿರಾರು ಜನರಿಗೆ ಈ ಸೆಗ್ಮೆಂಟುಗಳ ಪರಿಚಯ ಬೇರೊಂದು ಬಾಗಿಲಿನಿಂದ ಆಗಿರುತ್ತದೆ. ನೀಲಿ ಪರದೆಯ ಮೆನುವಿನಲ್ಲಿ ಟೈನಿ, ಸ್ಮಾಲ್, ಮೀಡಿಯಂ, ಕಾಂಪ್ಯಾಕ್ಟ್, ಲಾರ್ಜ್, ಹ್ಯೂಜ್ ಎಂಬ ಆರು ಮಾದರಿಗಳಿದ್ದವು. ಹೆಚ್ಚಿನವರು ಅವನ್ನು ಮುಟ್ಟದೆ ಪದವಿ ಮುಗಿಸಿದರು. ಆ ಆರು ಹೆಸರುಗಳು ಕೇಳುತ್ತಿದ್ದದ್ದು ಇಷ್ಟೇ: ನಿಮ್ಮ ಕೋಡು 64 ಕೆಬಿ ಮೀರುತ್ತದೆಯೇ? ನಿಮ್ಮ ದತ್ತಾಂಶ ಮೀರುತ್ತದೆಯೇ? ಎರಡೂ ಮೀರದಿದ್ದರೆ ಸ್ಮಾಲ್. ಅಲ್ಲಿ ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರಿಗೆ ಎರಡು ಬೈಟ್, ಫಂಕ್ಷನ್ನನ್ನು ಕರೆಯುವ ಸೂಚನೆಗೆ ಮೂರು ಬೈಟ್. ಎರಡೂ ಮೀರಿದರೆ ಲಾರ್ಜ್. ಅಲ್ಲಿ ಪಾಯಿಂಟರಿಗೆ ನಾಲ್ಕು ಬೈಟ್, ಕರೆಗೆ ಐದು. ಪ್ರೋಗ್ರಾಮು ಊದಿಕೊಳ್ಳುವುದಲ್ಲದೆ ನಿಧಾನವೂ ಆಗುತ್ತದೆ. ಐಬಿಎಂ ಪಿಸಿಯಲ್ಲಿದ್ದ, 8086ರ ಸೋದರನಾದ 8088 ಚಿಪ್ಪು ಹೊರಗಿನಿಂದ ಒಮ್ಮೆಗೆ ಒಂದೇ ಬೈಟ್ ತರಬಲ್ಲದಾಗಿತ್ತು. ಹಾಗಾಗಿ ಪ್ರತಿ ಹೆಚ್ಚುವರಿ ಬೈಟಿಗೂ ಕಾಲದ ದಂಡ ತೆರಬೇಕಿತ್ತು.

ಆ ಲ್ಯಾಬುಗಳಲ್ಲಿ ಪ್ರೋಗ್ರಾಮು ಸರಿಯಾಗಿಯೇ ಓಡಿ ಉತ್ತರ ಕೊಟ್ಟು, ಕೊನೆಗೆ ‘ನಲ್ ಪಾಯಿಂಟರ್ ಅಸೈನ್‌ಮೆಂಟ್’ ಎಂಬ ಸಾಲೊಂದು ಬಿದ್ದು ಹುಡುಗರು ಕಂಗಾಲಾಗುವುದು ಸಾಮಾನ್ಯವಾಗಿತ್ತು. ಪ್ರೋಗ್ರಾಮು ಮುಗಿದ ಮೇಲೆ ತಪ್ಪು ಪತ್ತೆಯಾಗುವುದು ಹೇಗೆ? ಸ್ಮಾಲ್ ಮಾದರಿಯಲ್ಲಿ ಸೊನ್ನೆ ಬೆಲೆಯ ಪಾಯಿಂಟರ್ ಎಂದರೆ ದತ್ತಾಂಶ ಸೆಗ್ಮೆಂಟಿನ ಮೊದಲ ಬೈಟು. ಅಲ್ಲಿ ಏನಾದರೂ ಬರೆದರೆ ತಡೆಯುವವರು ಯಾರೂ ಇಲ್ಲ. ಟರ್ಬೊ ಸಿ ತಯಾರಿಸಿದ ಬೋರ್ಲೆಂಡ್ ಕಂಪನಿಯವರು ಆ ಜಾಗದಲ್ಲಿ ತಮ್ಮ ಕಾಪಿರೈಟ್ ಸಾಲನ್ನು ಇಟ್ಟಿದ್ದರು. ಪ್ರೋಗ್ರಾಮು ಮುಗಿಯುವಾಗ ಆ ಸಾಲಿನ ಮೊತ್ತ ತಾಳೆ ನೋಡುತ್ತಿದ್ದರು. ಒಂದು ಬೈಟ್ ವ್ಯತ್ಯಾಸವಾಗಿದ್ದರೂ, ಸೊನ್ನೆಯ ಪಾಯಿಂಟರ್ ಮೂಲಕ ಯಾರೋ ಬರೆದಿದ್ದಾರೆ ಎಂದರ್ಥ. ರಕ್ಷಣೆಯೇ ಇಲ್ಲದ ಯಂತ್ರದಲ್ಲಿ ಒಂದು ಕಾಪಿರೈಟ್ ಸಾಲನ್ನೇ ಕಾವಲಿಗೆ ನಿಲ್ಲಿಸಿದ ಜಾಣ್ಮೆ ನನಗೆ ಇಂದಿಗೂ ಮೆಚ್ಚುಗೆ.

ಲಾರ್ಜ್ ಮಾದರಿಯ ಅಪಾಯಗಳು ಇದಕ್ಕಿಂತ ಸೂಕ್ಷ್ಮ. ಒಂದೇ ಬೈಟಿಗೆ ಸಾವಿರಾರು ವಿಳಾಸಗಳಿವೆ ಎಂದೆನಲ್ಲ, ಎರಡು ಪಾಯಿಂಟರುಗಳು ಒಂದೇ ಜಾಗವನ್ನು ತೋರಿಸುತ್ತಿದ್ದರೂ ‘ಇವೆರಡೂ ಸಮವೇ’ ಎಂದು ಕೇಳಿದರೆ ಉತ್ತರ ‘ಅಲ್ಲ’ ಎಂದು ಬರಬಹುದು. ಇನ್ನು, ಪಾಯಿಂಟರನ್ನು ಒಂದೊಂದಾಗಿ ಮುಂದಕ್ಕೆ ಸರಿಸುತ್ತ ಹೋದಾಗ ಆಫ್‌ಸೆಟ್ 65,535 ಮುಟ್ಟಿದ ಮೇಲೆ ಮುಂದಿನ ಸೆಗ್ಮೆಂಟಿಗೆ ಹೋಗುವುದಿಲ್ಲ. ಅದೇ ಸೆಗ್ಮೆಂಟಿನ ಸೊನ್ನೆಗೆ ಮರಳುತ್ತದೆ. ಎಚ್ಚರಿಕೆಯ ಮಾತೇ ಇಲ್ಲದೆ ನಿಮ್ಮದೇ ದತ್ತಾಂಶದ ತಲೆಯ ಮೇಲೆ ಬಾಲವನ್ನು ಬರೆದುಬಿಡುತ್ತದೆ. ಇಂಥ ದೋಷ ಹುಡುಕಲು ದಿನಗಟ್ಟಲೆ ಹಿಡಿಯುತ್ತಿತ್ತು. ಹ್ಯೂಜ್ ಪಾಯಿಂಟರು ಪ್ರತಿ ಹೆಜ್ಜೆಗೂ ಸೆಗ್ಮೆಂಟನ್ನು ಸರಿಪಡಿಸಿಕೊಂಡು ಇದನ್ನು ತಪ್ಪಿಸುತ್ತಿತ್ತು, ಆದರೆ ಬಹಳ ನಿಧಾನ.

64ರ ಗೋಡೆ ಇಂಟೆಲ್‌ನದು. 640ರ ಗೋಡೆ ಐಬಿಎಂನದು. ಇದನ್ನು ಡಾಸ್‌ನ ತಲೆಗೆ ಕಟ್ಟುವುದು ರೂಢಿಯಾಗಿಬಿಟ್ಟಿದೆ. 1 ಎಂಬಿಯ ನಕ್ಷೆಯಲ್ಲಿ ಕೆಳಗಿನ 640 ಕೆಬಿ ಪ್ರೋಗ್ರಾಮುಗಳಿಗೆ, ಮೇಲಿನ 384 ಕೆಬಿ ಪರದೆಗೆ ಹಾಗೂ ರೋಮ್ ಚಿಪ್ಪುಗಳಿಗೆ ಎಂದು ಗೆರೆ ಎಳೆದದ್ದು ಐಬಿಎಂ ಎಂಜಿನಿಯರುಗಳು. ವಿಕ್ಟರ್ 9000 ಎಂಬ, ಐಬಿಎಂ ನಕ್ಷೆಯನ್ನು ಅನುಸರಿಸದ ಯಂತ್ರದಲ್ಲಿ ಅದೇ ಡಾಸ್ 896 ಕೆಬಿವರೆಗೆ ಬಳಸಿಕೊಳ್ಳುತ್ತಿತ್ತು. ಐಬಿಎಂ ಪಿಸಿಯಲ್ಲಿ ಬಣ್ಣದ ಅಕ್ಷರಗಳ ಪರದೆ 7,53,664ನೆಯ ಬೈಟಿನಿಂದ ಶುರು. 80 ಕಾಲಂ, 25 ಸಾಲು, ಒಂದು ಅಕ್ಷರಕ್ಕೆ ಎರಡು ಬೈಟ್, ಒಟ್ಟು 4,000 ಬೈಟ್. ಅಕ್ಷರಕ್ಕೆ ಒಂದು ಬೈಟ್, ಬಣ್ಣಕ್ಕೆ ಇನ್ನೊಂದು. ಒಂದು ಬೈಟಿನಲ್ಲಿ 256 ಆಕಾರಗಳಷ್ಟೇ ಸಾಧ್ಯ. ಅಷ್ಟೂ ಇಂಗ್ಲಿಷಿಗೆ, ಯುರೋಪಿನ ಅಕ್ಷರಗಳಿಗೆ, ಗೆರೆಗಳಿಗೆ ಮುಗಿದಿತ್ತು. ಒತ್ತಕ್ಷರ, ಗುಣಿತಾಕ್ಷರಗಳ ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಹಾಗಾಗಿಯೇ ಡಾಸ್ ಕಾಲದಲ್ಲಿ ಕನ್ನಡ ಬೇಕೆಂದವರು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಪಿಸಿಯ ಒಳಗೆ ಬೇರೆಯಾಗಿ ಸಿಕ್ಕಿಸಬೇಕಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ರೋಗ್ರಾಮು ಮೆಮೊರಿಗಿಂತ ದೊಡ್ಡದಾದರೆ ಏನು ಮಾಡುವುದು? ಅಂದಿನ ಉತ್ತರ ಓವರ್‌ಲೇ. ಯಕ್ಷಗಾನದ ರಂಗಸ್ಥಳವನ್ನು ನೆನಪಿಸಿಕೊಳ್ಳಿ. ಭಾಗವತರು, ಮದ್ದಳೆಯವರು ರಾತ್ರಿಯಿಡೀ ರಂಗದ ಮೇಲೆ ಇದ್ದೇ ಇರುತ್ತಾರೆ. ವೇಷಗಳು ಮಾತ್ರ ಚೌಕಿಯಿಂದ ಬಂದು, ತಮ್ಮ ಕುಣಿತ ಮುಗಿಸಿ, ಮುಂದಿನವರಿಗೆ ಜಾಗ ಬಿಟ್ಟು ಹೋಗುತ್ತವೆ. ಓವರ್‌ಲೇ ಪ್ರೋಗ್ರಾಮಿನ ರಚನೆಯೂ ಹೀಗೆಯೇ. ಮುಖ್ಯ ಕೋಡು ಮೆಮೊರಿಯಲ್ಲಿ ಖಾಯಂ ಇರುತ್ತದೆ. ಮುದ್ರಿಸುವುದು, ವಿಂಗಡಿಸುವುದು, ಸಹಾಯ ತೋರಿಸುವುದು ಇತ್ಯಾದಿ ತುಂಡುಗಳು ಡಿಸ್ಕಿನಲ್ಲಿದ್ದು ಬೇಕಾದಾಗ ಒಂದೇ ಜಾಗಕ್ಕೆ ಸರದಿಯಂತೆ ಬಂದು ಹೋಗುತ್ತವೆ. ವರ್ಡ್‌ಸ್ಟಾರ್ ಫ್ಲಾಪಿಯಲ್ಲಿ ‘ಓವಿಆರ್’ ಎಂದು ಕೊನೆಗೊಳ್ಳುವ ಫೈಲುಗಳಿದ್ದವಲ್ಲ, ಅವು ಇವೇ.

1983ರಲ್ಲಿ 49.95 ಡಾಲರಿಗೆ ಬಂದು ಪ್ರೋಗ್ರಾಮಿಂಗ್ ಲೋಕವನ್ನೇ ಬದಲಿಸಿದ ಟರ್ಬೊ ಪ್ಯಾಸ್ಕಲ್‌ನ ಕಥೆಯಲ್ಲಿ ಈ ಹೋರಾಟವಿಡೀ ಕಾಣಿಸುತ್ತದೆ. ಆಂಡರ್ಸ್ ಹೆಯ್ಲ್ಸ್‌ಬರ್ಗ್ ಬರೆದ ಆ ಕಂಪೈಲರು ಎಡಿಟರಿನ ಸಮೇತ 40 ಕೆಬಿಯೊಳಗೆ ಮುಗಿಯುತ್ತಿತ್ತು. ಆದರೆ 3ನೆಯ ಆವೃತ್ತಿಯವರೆಗೆ ಅದು ಕಾಮ್ ಫೈಲನ್ನೇ ತಯಾರಿಸುತ್ತಿತ್ತು. ಕೋಡು 64 ಕೆಬಿ ದಾಟುವಂತಿರಲಿಲ್ಲ. ದಾಟಲೇಬೇಕೆಂದವರಿಗೆ ಓವರ್‌ಲೇ ದಾರಿಯಿತ್ತು. 1987ರ 4ನೆಯ ಆವೃತ್ತಿ ಯೂನಿಟ್ ಎಂಬ ವ್ಯವಸ್ಥೆ ತಂದಿತು. ಪ್ರತಿ ಯೂನಿಟಿಗೂ ಸ್ವಂತ ಕೋಡ್ ಸೆಗ್ಮೆಂಟ್, ಪ್ರತಿಯೊಂದಕ್ಕೂ 64 ಕೆಬಿ. ಗೋಡೆ ಕುಸಿಯಿತೆಂದು ಖುಷಿಪಟ್ಟು ಬೋರ್ಲೆಂಡ್ ಓವರ್‌ಲೇಯನ್ನು ಕೈಬಿಟ್ಟಿತು. ಒಂದೇ ವರ್ಷದಲ್ಲಿ, 5ನೆಯ ಆವೃತ್ತಿಯಲ್ಲಿ, ಅದನ್ನು ಮರಳಿ ತರಬೇಕಾಯಿತು. 64 ದಾಟಿದವರು ಹೋಗಿ 640ಕ್ಕೆ ಢಿಕ್ಕಿ ಹೊಡೆಯುತ್ತಿದ್ದರು.

ಓವರ್‌ಲೇ ಬಳಸುವುದು ಸುಲಭ. ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದೇ ವಿದ್ಯೆ. ಆ ವಿದ್ಯೆಯ ಬಗ್ಗೆ ನನಗೆ ಬಹಳ ಗೌರವವಿದೆ. 360 ಕೆಬಿ ಫ್ಲಾಪಿ ನಿಮಿಷಕ್ಕೆ 300 ಸುತ್ತು ಸುತ್ತುತ್ತದೆ, ಒಂದು ಸುತ್ತಿಗೆ ಹೆಚ್ಚೆಂದರೆ 4.5 ಕೆಬಿ ಓದಬಲ್ಲದು. 20 ಕೆಬಿಯ ತುಂಡೊಂದನ್ನು ತರಲು ಎಲ್ಲವೂ ಅನುಕೂಲವಾಗಿದ್ದರೂ ಒಂದು ಸೆಕೆಂಡು ಬೇಕು, ಮೋಟಾರು ವೇಗಕ್ಕೆ ಬರುವ ಹೊತ್ತು ಬೇರೆ. ಅಷ್ಟರಲ್ಲಿ 4.77 ಮೆಗಾಹರ್ಟ್ಸ್ ಪ್ರೊಸೆಸರು ನಲವತ್ತೇಳು ಲಕ್ಷ ಮಿಡಿತಗಳನ್ನು ಸುಮ್ಮನೆ ಕಳೆದಿರುತ್ತದೆ. ಒಂದು ಲೂಪಿನೊಳಗೆ ಎರಡು ಫಂಕ್ಷನ್ನುಗಳು ಒಂದನ್ನೊಂದು ಕರೆಯುತ್ತಿವೆ, ಎರಡೂ ಬೇರೆಬೇರೆ ಓವರ್‌ಲೇಗಳಲ್ಲಿವೆ ಎಂದುಕೊಳ್ಳಿ. ಪ್ರತಿ ಸುತ್ತಿಗೂ ಒಂದು ಹೊರಗೆ, ಒಂದು ಒಳಗೆ. ಡ್ರೈವ್ ಗರಗರ ಎನ್ನುತ್ತಲೇ ಇರುತ್ತದೆ, ಕೆಲಸ ಮುಂದೆ ಸಾಗುವುದಿಲ್ಲ. ಆದ್ದರಿಂದ ಜೊತೆಯಾಗಿ ಬಳಕೆಯಾಗುವುದನ್ನು ಜೊತೆಯಲ್ಲೇ ಇಡಬೇಕು. ಇನ್ನೂ ಒಂದು ನಿಯಮವನ್ನು ಅನುಭವಿಗಳು ಮರೆಯುತ್ತಿರಲಿಲ್ಲ. ‘ಡಿಸ್ಕ್ ಓದಲಾಗುತ್ತಿಲ್ಲ’ ಎಂದು ತಿಳಿಸುವ ಕೋಡು ಖಾಯಂ ಭಾಗದಲ್ಲೇ ಇರಬೇಕು. ಅದನ್ನೇ ಓವರ್‌ಲೇ ಮಾಡಿದರೆ, ಬಳಕೆದಾರರು ಫ್ಲಾಪಿ ತೆಗೆದ ಹೊತ್ತಿನಲ್ಲಿ ಆ ಸಂದೇಶವನ್ನು ತರಲು ಪ್ರೋಗ್ರಾಮು ಅದೇ ಇಲ್ಲದ ಫ್ಲಾಪಿಯ ಬಳಿ ಹೋಗುತ್ತದೆ.

ಇಂಟೆಲ್ ಚಿಪ್ಪು ಬಿಟ್ಟವರಿಗೆ ಈ ಕಷ್ಟವಿರಲಿಲ್ಲ ಎಂಬ ನಂಬಿಕೆಯೊಂದಿದೆ. ಅದು ಪೂರ್ತಿ ನಿಜವಲ್ಲ. 1984ರ ಜನವರಿಯಲ್ಲಿ ಬಂದ ಆಪಲ್ ಮ್ಯಾಕಿಂಟಾಷ್‌ನಲ್ಲಿದ್ದದ್ದು ಮೊಟೊರೋಲಾ 68000. ಅದರ ವಿಳಾಸಗಳು ಒಂದೇ ನೇರ ಸಾಲು, ಸೆಗ್ಮೆಂಟ್ ರಿಜಿಸ್ಟರುಗಳ ಗೊಡವೆಯಿಲ್ಲ. ಆದರೂ ಮ್ಯಾಕ್ ಪ್ರೋಗ್ರಾಮರುಗಳು ಕೋಡನ್ನು ಸೆಗ್ಮೆಂಟುಗಳಾಗಿ ಕತ್ತರಿಸುತ್ತಲೇ ಇದ್ದರು. ಕಾರಣ, ಇದ್ದ ಮೆಮೊರಿ 128 ಕೆಬಿ. ಅದರಲ್ಲಿ 21,888 ಬೈಟ್ ಪರದೆಗೇ ಹೋಗುತ್ತಿತ್ತು. ಜೊತೆಗೆ ಆ ಚಿಪ್ಪಿನ ಸಾಪೇಕ್ಷ ಜಿಗಿತಗಳು ಹಿಂದಕ್ಕೋ ಮುಂದಕ್ಕೋ 32 ಕೆಬಿಯಷ್ಟೇ ಹೋಗಬಲ್ಲವಾಗಿದ್ದವು. ಹಾಗಾಗಿ ಒಂದು ಕೋಡ್ ತುಂಡು 32 ಕೆಬಿ ಮೀರಬಾರದೆಂಬ ಕಟ್ಟಳೆ.

ಆಪಲ್‌ನವರ ಪರಿಹಾರ ಮಾತ್ರ ನಿಜಕ್ಕೂ ಸೊಗಸಾಗಿತ್ತು. ಬೇರೆ ತುಂಡಿನ ಫಂಕ್ಷನ್ನನ್ನು ಕರೆಯಬೇಕಾದರೆ ಜಿಗಿತದ ಪಟ್ಟಿಯ ಮೂಲಕವೇ ಹೋಗಬೇಕು. ಪಟ್ಟಿಯಲ್ಲಿ ಪ್ರತಿ ಫಂಕ್ಷನ್ನಿಗೆ ಎಂಟು ಬೈಟ್. ತುಂಡು ಇನ್ನೂ ಡಿಸ್ಕಿನಲ್ಲಿದ್ದರೆ ಆ ಎಂಟು ಬೈಟುಗಳು ‘ಇಂತಿಷ್ಟನೆಯ ತುಂಡನ್ನು ತಾ’ ಎಂಬ ಆಜ್ಞೆಯಾಗಿರುತ್ತವೆ. ತುಂಡು ಬಂದೊಡನೆ ಸಿಸ್ಟಮ್ ಅವೇ ಎಂಟು ಬೈಟುಗಳನ್ನು ತಿದ್ದಿ ಫಂಕ್ಷನ್ನಿಗೆ ನೇರ ಜಿಗಿತವನ್ನಾಗಿ ಬರೆಯುತ್ತದೆ. ಎರಡನೆಯ ಸಲ ಕರೆದರೆ ತಡವೇ ಇಲ್ಲ. ಕರೆಯುವವರಿಗೆ ಏನೂ ತಿಳಿಯುವುದಿಲ್ಲ. ಆದರೆ ತುಂಡನ್ನು ಹೊರಗೆ ಕಳಿಸಲು ಯಾವಾಗ ಅಡ್ಡಿಯಿಲ್ಲ ಎಂದು ಹೇಳುವ ಹೊಣೆ ಪ್ರೋಗ್ರಾಮರಿನದು. ನಾವು ಮರಳಿ ಹೋಗಬೇಕಾದ ತುಂಡನ್ನೇ ಬಿಟ್ಟುಕೊಟ್ಟರೆ, ಸ್ಟ್ಯಾಕಿನಲ್ಲಿ ಬರೆದಿಟ್ಟ ಮರಳುವ ವಿಳಾಸದಲ್ಲಿ ಬೇರೆ ಯಾವುದೋ ವಸ್ತು ಕೂತಿರುತ್ತದೆ. ಪ್ರೋಗ್ರಾಮು ಕುಸಿದು ಪರದೆಯ ಮೇಲೆ ಬಾಂಬಿನ ಚಿತ್ರ ಮೂಡುತ್ತದೆ. ಇದೇ ಯಂತ್ರದಲ್ಲಿ ಇನ್ನೊಂದು ಮಿತವ್ಯಯವೂ ನಡೆದಿತ್ತು. 68000ದಲ್ಲಿ ವಿಳಾಸಕ್ಕೆ 24 ಬಿಟ್ ಸಾಕು, ಪಾಯಿಂಟರಿನ ಮೇಲಿನ 8 ಬಿಟ್ ಖಾಲಿ ಎಂದು ಅಲ್ಲಿ ಬೇರೆ ಗುರುತುಗಳನ್ನು ಬರೆದಿಟ್ಟರು. ಪೂರ್ತಿ 32 ಬಿಟ್ ವಿಳಾಸ ಬಳಸುವ ಚಿಪ್ಪುಗಳು ಬಂದಾಗ ಆ ಗುರುತುಗಳೇ ಮುಳ್ಳಾದವು. ಅದರಿಂದ ಬಿಡಿಸಿಕೊಳ್ಳಲು 1991ರ ಸಿಸ್ಟಮ್ 7 ಬರಬೇಕಾಯಿತು.

ಪಿಸಿಯ ಕಡೆ ಅಷ್ಟರಲ್ಲಿ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ಬಳಸುವ ಲೆಕ್ಕಿಗರು ಹೆಚ್ಚು ಮೆಮೊರಿಗಾಗಿ ಒತ್ತಾಯಿಸುತ್ತಿದ್ದರು. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಒಂದು ಉಪಾಯ ತಂದವು. 640ರ ಮೇಲಿನ ಖಾಲಿ ಜಾಗದಲ್ಲಿ 64 ಕೆಬಿ ಕಿಂಡಿ. ಅದರಲ್ಲಿ 16 ಕೆಬಿಯ ನಾಲ್ಕು ಪುಟಗಳು. ಪ್ರತ್ಯೇಕ ಕಾರ್ಡಿನ ಮೇಲಿರುವ ಮೆಮೊರಿಯ ಯಾವ ಪುಟ ಬೇಕೋ ಅದನ್ನು ಕಿಂಡಿಗೆ ತಂದು ನೋಡುವುದು. 1989ರಲ್ಲಿ ಸಿ ಭಾಷೆಯಲ್ಲಿ ಹೊಸದಾಗಿ ಬರೆದ ಲೋಟಸ್ 3ನೆಯ ಆವೃತ್ತಿಗೆ ಇದೂ ಸಾಲದೆ ಇಂಟೆಲ್‌ನ ಮುಂದಿನ ಚಿಪ್ಪಾದ 286 ಇರುವ ಯಂತ್ರ ಮತ್ತು 1 ಎಂಬಿ ಬೇಕಾಯಿತು. ಹಳೆಯ ಯಂತ್ರದವರಿಗಾಗಿ 2.2 ಎಂಬ ಬೇರೆಯದೇ ಆವೃತ್ತಿ ಕೊಡಬೇಕಾಯಿತು.

286 ಚಿಪ್ಪು 16 ಎಂಬಿ ಮುಟ್ಟಬಲ್ಲದಾಗಿತ್ತು, ಆದರೆ ಸಂರಕ್ಷಿತ ಸ್ಥಿತಿಗೆ ಹೋದರೆ ಮಾತ್ರ. ಹೋಗಲು ಆಜ್ಞೆಯಿತ್ತು, ಡಾಸ್ ಇರುವ ಹಳೆಯ ಸ್ಥಿತಿಗೆ ಮರಳಲು ಆಜ್ಞೆಯೇ ಇರಲಿಲ್ಲ. ಮರಳುವುದಕ್ಕೆ ಕೀಬೋರ್ಡ್ ನಿಯಂತ್ರಿಸುವ ಚಿಪ್ಪಿಗೆ ಹೇಳಿ ಪ್ರೊಸೆಸರನ್ನೇ ರೀಸೆಟ್ ಮಾಡಿಸುತ್ತಿದ್ದರು. ಅದೇ ಕೀಬೋರ್ಡ್ ಚಿಪ್ಪಿನ ಮತ್ತೊಂದು ಕಾಲನ್ನು ಐಬಿಎಂ ಇನ್ನೊಂದು ಕೆಲಸಕ್ಕೆ ಹಚ್ಚಿತು. 8086ರಲ್ಲಿ 1 ಎಂಬಿ ದಾಟಿದ ವಿಳಾಸ ಸೊನ್ನೆಗೆ ಸುತ್ತಿ ಬರುತ್ತಿತ್ತು. ಕೆಲವು ಹಳೆಯ ಪ್ರೋಗ್ರಾಮುಗಳು ಅದನ್ನೇ ನೆಚ್ಚಿಕೊಂಡಿದ್ದವು. ಅವುಗಳಿಗಾಗಿ 21ನೆಯ ವಿಳಾಸ ತಂತಿಗೆ ಒಂದು ಬಾಗಿಲು ಇಟ್ಟು, ಅದರ ಚಿಲಕವನ್ನು ಕೀಬೋರ್ಡ್ ಚಿಪ್ಪಿಗೆ ಒಪ್ಪಿಸಿತು. ಬಾಗಿಲು ತೆರೆದರೆ 1 ಎಂಬಿಯ ಆಚೆಗೆ ಇನ್ನೂ 65,520 ಬೈಟ್ ಸಿಗುತ್ತದೆ ಎಂಬುದು ಆಮೇಲೆ ಬಳಕೆಗೆ ಬಂತು. 1991ರ ಡಾಸ್ 5ರಲ್ಲಿ ಕಾನ್ಫಿಗ್.ಸಿಸ್ ಫೈಲಿಗೆ ಹೈಮೆಮ್ ಎಂಬ ಡ್ರೈವರಿನ ಸಾಲೊಂದನ್ನೂ ‘ಡಾಸ್=ಹೈ’ ಎಂಬ ಸಾಲನ್ನೂ ಸೇರಿಸಿದರೆ ಡಾಸ್‌ನ ಬಹುಭಾಗ ಅಲ್ಲಿಗೆ ವಲಸೆ ಹೋಗಿ ಕೆಳಗೆ ಜಾಗ ತೆರವಾಗುತ್ತಿತ್ತು. ಮೌಸ್ ಡ್ರೈವರು ಮೊದಲೋ ಸಿಡಿ ಡ್ರೈವರು ಮೊದಲೋ ಎಂದು ಸಾಲುಗಳನ್ನು ಹಿಂದುಮುಂದು ಮಾಡಿ, 600 ಕೆಬಿ ಮೇಲೆ ಉಳಿಸಿದವರು ಆ ಕಾಲದಲ್ಲಿ ಗೆಳೆಯರ ನಡುವೆ ಪರಿಣತರೆನಿಸಿಕೊಳ್ಳುತ್ತಿದ್ದರು.

ಬಿಡುಗಡೆ ಕೊಟ್ಟದ್ದು 1985ರ 386 ಚಿಪ್ಪು. ಅದರಲ್ಲಿ ಒಂದು ಸೆಗ್ಮೆಂಟು 4 ಜಿಬಿಯಷ್ಟು ದೊಡ್ಡದಿರಬಹುದು. ಎಲ್ಲವನ್ನೂ ಒಂದೇ ಸೆಗ್ಮೆಂಟಿನಲ್ಲಿಟ್ಟು ಸೆಗ್ಮೆಂಟನ್ನೇ ಮರೆತುಬಿಡಬಹುದು. ಹಾರ್ಡ್‌ವೇರ್ ಸಿದ್ಧವಾಯಿತು, ಡಾಸ್ ಸಿದ್ಧವಾಗಲಿಲ್ಲ. ಹಾಗಾಗಿ ಡಾಸ್‌ನ ಮೇಲೆ ಕೂತು ಪ್ರೋಗ್ರಾಮಿಗೆ ಮಾತ್ರ 32 ಬಿಟ್‌ನ ಬಯಲನ್ನು ತೆರೆಯುವ ಎಕ್ಸ್‌ಟೆಂಡರುಗಳು ಬಂದವು. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟ ಶುರುವಾಗುವಾಗ ಕಾಣುತ್ತಿದ್ದ ಡಾಸ್/4ಜಿಡಬ್ಲ್ಯೂ ಅಂಥದೊಂದು. ಆ ಆಟಕ್ಕೆ 4 ಎಂಬಿ ಬೇಕಿತ್ತು, ಕಾನ್ಫಿಗ್.ಸಿಸ್‌ನ ಕಸರತ್ತು ಅಷ್ಟಾಗಿ ಬೇಕಿರಲಿಲ್ಲ. ಅಷ್ಟರಲ್ಲಿ ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ತಮ್ಮ 386 ಯಂತ್ರಕ್ಕಾಗಿಯೇ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬರೆಯಲು ಶುರುಮಾಡಿ ಎರಡು ವರ್ಷಗಳಾಗಿದ್ದವು.

ಸೆಗ್ಮೆಂಟುಗಳು ಮರೆಗೆ ಸರಿದವು, ಅವು ಕೇಳುತ್ತಿದ್ದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಇಂದಿನ ಅನೇಕ ಪ್ರೊಸೆಸರುಗಳಲ್ಲಿ ಕೋಡಿಗೆಂದು ಇರುವ ಮೊದಲ ಹಂತದ ವೇಗದ ಮೆಮೊರಿ, ಅಂದರೆ ಕ್ಯಾಶ್, 32 ಕೆಬಿ. ಜೊತೆಯಾಗಿ ಓಡುವ ಕೋಡು ಅದರಲ್ಲಿ ಹಿಡಿಸಿದರೆ ಪ್ರೋಗ್ರಾಮು ಹಾರುತ್ತದೆ, ಹಿಡಿಸದಿದ್ದರೆ ಕುಂಟುತ್ತದೆ. ಯಾವುದು ಯಾವುದರ ಜೊತೆಗಿರಬೇಕು ಎಂದು ಓವರ್‌ಲೇ ಬರೆದವರು ಕೈಯಾರೆ ಮಾಡುತ್ತಿದ್ದ ವಿಂಗಡಣೆಯನ್ನೇ ಇಂದು ಕಂಪೈಲರು, ಲಿಂಕರುಗಳು ನಮಗೆ ಕಾಣದಂತೆ ಮಾಡುತ್ತಿವೆ. ಆದ್ದರಿಂದ 8086 ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಹದಿನಾರರಿಂದ ಗುಣಿಸಿ ಕೂಡಿಸುವ ಸೂತ್ರವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಸಿ ಬಿಡಬೇಡಿ. ಆ ಹದಿನಾರು ಎಲ್ಲಿಂದ ಬಂತು, ಅದಕ್ಕೆ ಯಾರು ಬೆಲೆ ತೆತ್ತರು ಎಂದೂ ಹೇಳಿ. ವಿದ್ಯಾರ್ಥಿಗಳಿಗೆ ಆಕರಗಳ ಕೊರತೆಯಿಲ್ಲ. ಟರ್ಬೊ ಪ್ಯಾಸ್ಕಲ್‌ನ ಕೆಲವು ಹಳೆಯ ಆವೃತ್ತಿಗಳನ್ನು ಬೋರ್ಲೆಂಡ್ ಉಚಿತವಾಗಿ ಬಿಟ್ಟುಕೊಟ್ಟಿತ್ತು, ಹಳೆಯ ಪಿಸಿಯನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಅವು ಇವತ್ತಿಗೂ ಓಡುತ್ತವೆ. ಮೈಕ್ರೋಸಾಫ್ಟ್ ಡಾಸ್ 1.25 ಮತ್ತು 2.0ರ ಮೂಲ ಕೋಡನ್ನು 2014ರಲ್ಲಿ, 4.00ರ ಕೋಡನ್ನು 2024ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಕಮಾಂಡ್.ಕಾಮ್ ತನ್ನನ್ನು ಹೇಗೆ ಸೀಳಿಕೊಳ್ಳುತ್ತದೆ, ಮೊತ್ತ ಹೇಗೆ ತಾಳೆ ನೋಡುತ್ತದೆ ಎಂಬುದು ಅದರಲ್ಲಿ ಸಾಲು ಸಾಲಾಗಿ ಇದೆ. ಒಮ್ಮೆ ತೆರೆದು ಓದಿ.